ಹದಿನೈದು ದಿನದ ದಿನಸಿ, ದಿಂಡೋರಿ ಕಡೆಯ ಲೆಕ್ಕ

ಇವತ್ತಿನ ವಿಷಯ ತುಂಬಾ ಸಾದಾ. ಆ್ಯಪ್ ಕೈಕೊಟ್ಟ ದಿನ ನಿಮ್ಮ ಅಡುಗೆಮನೆಯಲ್ಲಿ ಎಷ್ಟು ದಿನದ ಊಟ ಇರುತ್ತೆ?

2020ರ ಮಾರ್ಚ್ 24 ನೆನಪಿರಬೇಕಲ್ಲ. ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡರಿಂದ 21 ದಿನ ಲಾಕ್‌ಡೌನ್. ಮಧ್ಯೆ ಸಿಕ್ಕಿದ್ದು ನಾಲ್ಕೇ ಗಂಟೆ. ನಾಸಿಕ್‌ನಿಂದ ಸುಮಾರು 25 ಕಿಲೋಮೀಟರ್ ದೂರದ ಈ ದಿಂಡೋರಿಯಲ್ಲಿ ಆಗ ದ್ರಾಕ್ಷಿ ಕೊಯ್ಲಿನ ಕಾಲ. ಕೊಳ್ಳೋರಿಲ್ಲದೆ ಎಷ್ಟೋ ರೈತರು ಒಣದ್ರಾಕ್ಷಿ ಮಾಡಿಟ್ಟರು. ಅಂದ್ರೆ ಆಹಾರಕ್ಕೆ ಬರ ಇರಲಿಲ್ಲ, ಮನೆಗೆ ತಲುಪೋ ದಾರಿ ನಿಂತಿತ್ತು. ಅದರ ಹಿಂದಿನ ವರ್ಷ ಆಗಸ್ಟ್‌ನಲ್ಲಿ ಗೋದಾವರಿ ಉಕ್ಕಿ ನಾಸಿಕ್‌ನ ಘಾಟಿನ ಸುತ್ತಲಿನ ಅಂಗಡಿಗಳಿಗೇ ನೀರು ನುಗ್ಗಿತ್ತು. ನದಿಯಲ್ಲಿರೋ ದುತೋಂಡ್ಯಾ ಮಾರುತಿಗೆ ನೀರು ಎಲ್ಲೀವರೆಗೆ ಬಂತು ಅಂತ ನೋಡಿ ಅಲ್ಲಿನವರು ಪ್ರವಾಹ ಅಳೀತಾರೆ.

ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ಕಾಳು ತುಂಬಿಡ್ತಿದ್ದರು. ಮರಾಠಿಯಲ್ಲಿ ಅದೇ ‘ಪೇವ’. ಫ್ಲಾಟಿನಲ್ಲಿ ಗುಂಡಿ ತೋಡೋಕಾಗಲ್ಲ, ಮುಚ್ಚಳ ಬಿಗಿಯಾದ ಏಳೆಂಟು ಡಬ್ಬಿ ಸಾಕು.

ಲೆಕ್ಕಕ್ಕೆ ಬರೋಣ. ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯ, 75 ಗ್ರಾಂ ಬೇಳೆಕಾಳು, 30 ಗ್ರಾಂ ಎಣ್ಣೆ ಹಿಡಿಯಿರಿ. ಇಬ್ಬರಿಗೆ 15 ದಿನಕ್ಕೆ 12 ಕೆ.ಜಿ. ಧಾನ್ಯ, ಎರಡೂಕಾಲು ಕೆ.ಜಿ. ಬೇಳೆಕಾಳು, ಒಂದು ಲೀಟರ್ ಎಣ್ಣೆ ಆಗುತ್ತೆ. ಧಾನ್ಯದಲ್ಲಿ ಅಕ್ಕಿ 5, ಗೋಧಿಹಿಟ್ಟು 3, ರಾಗಿ 2, ರವೆ 1, ಅವಲಕ್ಕಿ 1. ಮೇಲೆ ಉಪ್ಪು, ಬೆಲ್ಲ, ಹುಣಸೆ, ಖಾರದಪುಡಿ, ಶೇಂಗಾ. ಒಮ್ಮೆಗೇ ತರಬೇಡಿ. ವಾರದ ಸಾಮಾನಿನ ಜೊತೆ ಎರಡು ಕಿಲೋ ಹೆಚ್ಚು ತಂದರೆ ಎರಡು ತಿಂಗಳಲ್ಲಿ ತುಂಬುತ್ತೆ. ನಾಲ್ಕೈದು ಸಲ ಹೊರಗಿನ ಊಟ ತರಿಸೋ ದುಡ್ಡು, ಅಷ್ಟೇ.

ಕೆಲವರು ಕೇಳ್ತಾರೆ, ಇದು ಸ್ವಾರ್ಥ ಅಲ್ವಾ ಅಂತ. ಗಾಬರಿಯ ದಿನ ಅಂಗಡಿಗೆ ನುಗ್ಗಿ ಹತ್ತು ಪ್ಯಾಕೆಟ್ ಎತ್ತಿಕೊಳ್ಳೋದು ಸ್ವಾರ್ಥ. ಅವತ್ತಿನ ಕೂಲಿ ಕೈಗೆ ಬಂದ ಮೇಲೇ ಹಿಟ್ಟು ಕೊಳ್ಳೋ ದ್ರಾಕ್ಷಿ ತೋಟದ ಕೆಲಸದವರು ಅದೇ ಸಾಲಿನಲ್ಲಿ ನಿಂತಿರ್ತಾರೆ. ಮಾಮೂಲಿ ವಾರದಲ್ಲಿ ಕೊಂಡಿಟ್ಟವನು ಆವತ್ತು ಆ ಸಾಲಿನಲ್ಲಿ ಇರೋದೇ ಇಲ್ಲ.

ಇಲ್ಲಿನ ಕಿರಾಣಿ ಅಂಗಡಿಯಲ್ಲಿ ರಾಗಿ ಅಂದ್ರೆ ಅರ್ಥವಾಗದೆ ಇರಬಹುದು. ‘ನಾಗಲಿ’ ಅಂತ ಕೇಳಿ, ಪಶ್ಚಿಮದ ಪೇಠ್, ಸುರಗಾಣಾ ಗುಡ್ಡಗಳ ಬೆಳೆ ಅದು. ಮಡಿಕೆ ಕಾಳಿಗೆ ‘ಮಟಕಿ’, ಅವಲಕ್ಕಿಗೆ ‘ಪೋಹೆ’. ರಾಗಿ ಕಾಳಿಗೆ ಹುಳ ಬೀಳೋದು ಅಪರೂಪ, ವರ್ಷಗಟ್ಟಲೆ ಇಡಬಹುದು. ಇಲ್ಲಿನವರ ಭಾಕರಿಯ ಸಜ್ಜೆ ಹಿಟ್ಟು ಮಾತ್ರ ಬೇಗ ಕಹಿಯಾಗುತ್ತೆ, ಅದನ್ನ ಶೇಖರಿಸಬೇಡಿ, ಕಾಳೇ ಇಟ್ಟುಕೊಳ್ಳಿ. ತೊಗರಿಬೇಳೆಗೆ ಒಂದು ಚಮಚ ಹರಳೆಣ್ಣೆ ಸವರಿಡೋದು ನಮ್ಮಮ್ಮಂದಿರ ಉಪಾಯ, ಮಳೆಗಾಲದಲ್ಲೂ ಕೆಲಸ ಮಾಡುತ್ತೆ. ರವೆ ಹುರಿದು, ಪೂರ್ತಿ ಆರಿದ ಮೇಲೆ ತುಂಬಿ. ಈರುಳ್ಳಿ ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಇಲ್ಲಿನ ರೈತರ ಕಾಂದಾ ಚಾಳ್ ನೋಡಿ: ನೆಲದಿಂದ ಎತ್ತರ, ಸುತ್ತ ಗಾಳಿಯಾಡೋ ಸಂದು. ಬಾಲ್ಕನಿಯಲ್ಲಿ ಒಂದು ಜಾಲರಿ ಬುಟ್ಟಿ ನೇತು ಹಾಕಿದರೆ ಅದೇ ವ್ಯವಸ್ಥೆ ಆಯ್ತು.

ಡಬ್ಬಿ ಮೇಲೆ ತಂದ ತಿಂಗಳು ಬರೆದು ಅಂಟಿಸಿ. ಹಳೇದನ್ನ ಮೊದಲು ಅಡುಗೆಗೆ ತಗೊಳ್ಳಿ, ಹೊಸದನ್ನ ಹಿಂದೆ ಇಡಿ. ನೀವು ತಿನ್ನದ ಓಟ್ಸನ್ನ ‘ಎಮರ್ಜೆನ್ಸಿಗೆ’ ಅಂತ ತರೋದು ದಂಡ.

ಇನ್ನು ಒಲೆ. ಕರೆಂಟ್ ಹೋದರೆ ಇಂಡಕ್ಷನ್ ನಂಬಿದವರ ಅಕ್ಕಿ ಅಕ್ಕಿಯಾಗೇ ಉಳಿಯುತ್ತೆ. ಬಾಡಿಗೆ ಮನೆಯವರಿಗೆ 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಸಿಗುತ್ತೆ, ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಸಾಕು. ಅದೂ ಇಲ್ಲ ಅಂದ್ರೆ ನೆನೆಸಿದ ಅವಲಕ್ಕಿ, ಬೆಲ್ಲ, ಹುರಿಗಡಲೆ, ಶೇಂಗಾ ಎರಡು ದಿನ ದೂಡಿಸುತ್ತೆ. ನೀರಿಗೆ 20 ಲೀಟರಿನ ಒಂದು ಕ್ಯಾನ್ ಯಾವಾಗಲೂ ತುಂಬಿರಲಿ, ಇಬ್ಬರಿಗೆ ಕುಡಿಯೋಕೆ ಅಡುಗೆಗೆ ಮೂರು ದಿನ ಬರುತ್ತೆ. ಮಗು ಇರೋ ಮನೆಯವರು ಹಾಲಿನ ಪುಡಿ, ದಿನದ ಔಷಧಿ ಸೇರಿಸಿಕೊಳ್ಳಿ. ಈಗ ಪ್ರಶ್ನೆಗಳಿದ್ದರೆ ಕೇಳಿ.