ಆಟದ ಕಾರಿನ ಗಾಲಿ: ಗಟ್ಟಿ ಎಂದರೇನು?

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ವಿಜ್ಞಾನ ಸಂಘಕ್ಕೆ ನಾಲ್ಕು ರಿಮೋಟ್ ರೇಸ್ ಕಾರು ಕೊಡಬೇಕೆಂದು ನಿಶ್ಚಯಿಸಿದ್ದೇವೆ. “ಅಲ್ಯೂಮಿನಿಯಂ ಗಾಲಿಯವೇ ಇರಲಿ, ಹತ್ತು ವರ್ಷ ಬಾಳಲಿ” ಎಂದು ಹಲವರು ಹೇಳಿದರು. ಈ ರೊಕ್ಕದಲ್ಲಿ ಶಿರಹಟ್ಟಿ, ಮುಂಡರಗಿ ಕಡೆಯ ರೈತರದ್ದೂ ಇದೆ, ಬೆಟಗೇರಿಯ ನೇಕಾರರದ್ದೂ ಇದೆ. ಆದ್ದರಿಂದ ಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡೋಣ.

ಈ ಕಾರುಗಳಿಗೆ ದೊಡ್ಡ ಇತಿಹಾಸವೇನಿಲ್ಲ. ಜಪಾನಿನ ತಮಿಯಾ ಕಂಪನಿ ಪೋರ್ಷೆ 934ರ ರೇಡಿಯೊ ಮಾದರಿಯನ್ನು ಮಾರಾಟಕ್ಕೆ ತಂದದ್ದು 1976ರಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವುದು 1:10 ಅಳತೆಯದು, ಅಂದರೆ ನಿಜವಾದ ಕಾರಿನ ಹತ್ತನೆಯ ಒಂದು ಪಾಲು. ತೂಕ ಸುಮಾರು ಒಂದೂವರೆ ಕಿಲೋ.

ವಿದ್ಯಾರ್ಥಿಗಳೇ, ಚಲನಶಕ್ತಿಯ ಸೂತ್ರ ನಿಮಗೆ ಗೊತ್ತಿದೆ. ಒಂದೂವರೆ ಕಿಲೋದ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್ ಓಡುತ್ತಿದೆ ಎನ್ನಿ. ಅದರ ಶಕ್ತಿ 75 ಜೂಲ್. ಆ ವೇಗದಲ್ಲಿ ಕಂಪೌಂಡ್ ಗೋಡೆಗೆ ಬಡಿದರೆ, ಕಾರನ್ನು ಸುಮಾರು 5 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟಂತೆ. ಮೊದಲ ಪೆಟ್ಟು ಬಹಳ ಸಲ ಮುಂದಿನ ಗಾಲಿಗೇ ಬೀಳುತ್ತದೆ.

ನೈಲಾನ್ ಗಾಲಿಯಾದರೆ ಕ್ಷಣಹೊತ್ತು ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ತೀರ ಜೋರಾಗಿ ಬಡಿದರೆ ಗಾಲಿ ಒಡೆಯುತ್ತದೆ, ಆದರೆ ಪೆಟ್ಟು ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಅಲ್ಯೂಮಿನಿಯಂ ನೈಲಾನ್‌ಗಿಂತ 20 ಪಟ್ಟಿಗೂ ಹೆಚ್ಚು ಬಿಗಿ. ಅದು ಸುಲಭವಾಗಿ ಬಾಗುವುದಿಲ್ಲ. ಪೆಟ್ಟನ್ನು ಒಳಗಿನ ಆಕ್ಸಲ್‌ಗೆ, ಬೇರಿಂಗ್‌ಗೆ, ಸಸ್ಪೆನ್ಷನ್‌ಗೆ ದಾಟಿಸುತ್ತದೆ. ಗಾಲಿ ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಒಳಗಿನ ಭಾಗ ಮುರಿದಿರುತ್ತದೆ. ಮಿತಿ ಮೀರಿ ಬಾಗಿದ ಅಲ್ಯೂಮಿನಿಯಂ ಬಾಗಿದಂತೆಯೇ ಉಳಿಯುತ್ತದೆ. ಬಡಿದು ನೆಟ್ಟಗೆ ಮಾಡಿದರೆ ಆ ಜಾಗ ಇನ್ನಷ್ಟು ಪೆಡಸಾಗಿ ಮುಂದೆ ಬಿರುಕು ಬಿಡುತ್ತದೆ.

ಇನ್ನೊಂದು ಗುಣವಿದೆ. ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡ ಲಕ್ಷಾಂತರ ಸಲ ಬಿದ್ದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಖಚಿತ ಮಿತಿ ಇಲ್ಲ. ಸಣ್ಣ ಪೆಟ್ಟುಗಳೂ ಕೂಡುತ್ತ ಹೋಗಿ ಒಂದು ದಿನ ದಣಿದು ಸೀಳುತ್ತದೆ. ಗಾಲಿಯ ನಟ್ಟು ಸಡಿಲಾದರೆ ನಡುವಿನ ಆರುಮೂಲೆಯ ಗಾಡಿಯೂ ನಮ್ಮ ಎರೆಮಣ್ಣಿನ ಧೂಳಿನಲ್ಲಿ ಸವೆಯುತ್ತದೆ. ಜೊತೆಗೆ ತೂಕ. ಅದೇ ಗಾತ್ರದ ಅಲ್ಯೂಮಿನಿಯಂ ನೈಲಾನ್‌ನ ಎರಡು ಪಟ್ಟಿಗಿಂತ ಹೆಚ್ಚು ಭಾರ. ಗಾಲಿಯ ಅಂಚಿನಲ್ಲಿರುವ 10 ಗ್ರಾಂ, ವೇಗ ಹೆಚ್ಚಿಸುವಾಗ ಕಾರಿನ ಮೈಮೇಲಿನ 20 ಗ್ರಾಂನಷ್ಟು ಮೋಟಾರನ್ನು ಎಳೆಯುತ್ತದೆ.

ಹಾಗಾದರೆ ಅಲ್ಯೂಮಿನಿಯಂ ಕೆಟ್ಟದ್ದೇ? ಅಲ್ಲ. ಕಲ್ಲು-ಬಂಡೆ ಹತ್ತುವ ನಿಧಾನದ ಕಾರುಗಳಿಗೆ ಅದು ಬಹಳ ಚಲೋ. ಅಲ್ಲಿ ವೇಗವಿಲ್ಲ, ಕೆಳಗಿನ ಭಾರ ಕಾರು ಉರುಳದಂತೆ ಹಿಡಿಯುತ್ತದೆ. ಟೈರನ್ನು ಅಂಟಿಸದೆ ಸ್ಕ್ರೂಗಳಿಂದ ಬಿಗಿಯುವ ಗಾಲಿಗಳೂ ಸಿಗುತ್ತವೆ, ಟೈರು ಸವೆದರೆ ಬದಲಿಸಬಹುದು.

ನಮ್ಮ ಹಿರಿಯರಿಗೆ ಈ ವಿಚಾರ ಹೊಸದಲ್ಲ. ಹಳೆಯ ಚಕ್ಕಡಿಯ ಗಾಲಿ ನೆನಪಿಸಿಕೊಳ್ಳಿ. ಬಡಿಗೇರರು ಕಟ್ಟಿಗೆಯಲ್ಲಿ ಗಾಲಿ ಕೂಡಿಸುತ್ತಿದ್ದರು. ಕಂಬಾರರು ಕಬ್ಬಿಣದ ಪಟ್ಟಿ ಕಾಯಿಸಿ ಮೇಲೆ ಹಾಕಿ ನೀರು ಸುರಿಯುತ್ತಿದ್ದರು. ಪಟ್ಟಿ ತಣಿದು ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಸವೆತ ತಡೆಯುವ ಕೆಲಸ ಕಬ್ಬಿಣಕ್ಕೆ, ಕುಲುಕಾಟ ತಡೆಯುವ ಕೆಲಸ ಕಟ್ಟಿಗೆಗೆ. ಒಂದು ಭಾಗ ಹಾಳಾದರೆ ಊರಿನಲ್ಲೇ ರಿಪೇರಿ. ಬಾಳಿಕೆ ಎಂದರೆ ಒಡೆಯದೇ ಇರುವುದಷ್ಟೇ ಅಲ್ಲ. ಒಡೆದರೆ ಯಾವುದು ಒಡೆಯಬೇಕು, ಅದನ್ನು ಯಾರು ಸರಿಮಾಡಬಲ್ಲರು ಎಂಬುದೂ ಹೌದು.

ಆದ್ದರಿಂದ ನನ್ನ ವಿನಂತಿ ಮೂರು. ಕಾರುಗಳಿಗೆ ನೈಲಾನ್ ಗಾಲಿಯೇ ಇರಲಿ, ಉಳಿದ ರೊಕ್ಕದಲ್ಲಿ ಹೆಚ್ಚುವರಿ ಗಾಲಿ, ಆಕ್ಸಲ್, ಬೇರಿಂಗ್ ತರೋಣ. ಎರಡನೆಯದು, ಒಂದು ಜೊತೆ ಅಲ್ಯೂಮಿನಿಯಂ ಗಾಲಿಯನ್ನು ಪ್ರಯೋಗಕ್ಕೆ ಇಡೋಣ. ವಿಜ್ಞಾನ ಶಿಕ್ಷಕರ ಎದುರಿಗೆ ಎರಡೂ ಬಗೆಯ ಗಾಲಿಯ ಮೇಲೆ ಒಂದು ಕಿಲೋ ತೂಕವನ್ನು ಅರ್ಧ ಮೀಟರಿನಿಂದ ಬೀಳಿಸಿ, ಎತ್ತರ ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಪ್ರತಿ ಸಲವೂ ವರ್ನಿಯರ್‌ನಿಂದ ವ್ಯಾಸ ಅಳೆದು ಮಕ್ಕಳು ವಹಿಯಲ್ಲಿ ಬರೆಯಲಿ. ಅಷ್ಟಾದ ಮೇಲೆ ನನ್ನ ಮಾತು ಸುಳ್ಳೆಂದು ಕಂಡರೆ ನನಗೆ ಸಂತೋಷವೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ದಯವಿಟ್ಟು ಈ ಕಾರುಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಬೇಡಿ. ಕಪಾಟಿನಲ್ಲಿರುವ ಗಾಲಿ ನೂರು ವರ್ಷ ಬಾಳುತ್ತದೆ, ಆದರೆ ಅದರಿಂದ ಯಾವ ಮಗುವೂ ಏನೂ ಕಲಿಯುವುದಿಲ್ಲ. ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುವ ಹುಡುಗಿಯೂ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಒಡೆದ ಗಾಲಿ ಬಿಚ್ಚಿ, ಹೊಸದು ಹಾಕಲಿ. ಒಡೆದವುಗಳ ಲೆಕ್ಕ ಕೊಟ್ಟರೆ ಮುಂದಿನ ವರ್ಷದ ಗಾಲಿ ನಾವು ಹಳೆಯ ವಿದ್ಯಾರ್ಥಿಗಳು ಕಳಿಸುತ್ತೇವೆ.