ಜಾರಿದ ಕುಣಿಕೆ



ನಮ್ಮ ಕುರುಬರ ಕರಿಕಂಬಳಿಯನ್ನು ಮಗ್ಗದ ಮೇಲೆ ಹಾಸು, ಹೊಕ್ಕು ಎಂಬ ಎರಡು ಬಗೆಯ ಎಳೆಗಳಿಂದ ನೇಯುತ್ತಾರೆ. ಕಡ್ಡಿಗಳಿಂದ ಹೆಣೆಯುವ ಉಣ್ಣೆಯ ಹೊದಿಕೆಯ ಕ್ರಮ ಬೇರೆ. ಇಲ್ಲಿ ಒಂದೇ ನೂಲು ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತ ಹೋದಂತೆ ಹೊದಿಕೆ ಬೆಳೆಯುತ್ತದೆ. ಸಾಲಿಗೆ 200 ಕುಣಿಕೆಯಂತೆ 250 ಸಾಲು ಹೆಣೆದರೆ ಒಟ್ಟು 50,000 ಕುಣಿಕೆಗಳು. ಇಷ್ಟರಲ್ಲಿ ಒಂದೂ ತಪ್ಪಬಾರದೆಂದು ಬಯಸುವುದು ಕಷ್ಟ. ತಪ್ಪಿದಾಗ ಏನು ಮಾಡಬೇಕು ಎಂಬುದನ್ನು ನೋಡೋಣ.

ಕಲಿಯುವವರ ಕೈಯಲ್ಲಿ ಮುಖ್ಯವಾಗಿ ಮೂರು ಬಗೆಯ ತಪ್ಪುಗಳು ಕಾಣಸಿಗುತ್ತವೆ.

ಮೊದಲನೆಯದು, ಕಡ್ಡಿಯಿಂದ ಕುಣಿಕೆಯೊಂದು ಜಾರುವುದು. ಜಾರಿದ್ದು ತನ್ನ ಕೆಳಗಿನದನ್ನೂ ಬಿಡಿಸುತ್ತ ಏಣಿಯಂತೆ ಇಳಿಯುತ್ತದೆ. ನೋಡಿದವರಿಗೆ ಎಲ್ಲವೂ ಹಾಳಾಯಿತೆಂಬ ಗಾಬರಿ. ಆದರೆ ಬಿಚ್ಚಿಕೊಂಡದ್ದು ಒಂದೇ ಕುಣಿಕೆಯ ಅಗಲದಷ್ಟು. ಕ್ರೋಷಾ ಕೊಕ್ಕೆಯಿಂದ ಒಂದೊಂದೇ ಮೆಟ್ಟಿಲನ್ನು ಎತ್ತಿಕೊಂಡು ಬಂದರೆ ಸಾಕು, ಉಳಿದದ್ದನ್ನು ಮುಟ್ಟಬೇಕಾಗಿಲ್ಲ.

ಎರಡನೆಯದು, ಸಾಲಿಗೊಂದು ಕುಣಿಕೆ ಹೆಚ್ಚುವುದು. 200 ಇದ್ದದ್ದು 50 ಸಾಲು ಮುಗಿಯುವಷ್ಟರಲ್ಲಿ 250 ಆಗಿ, ಹೊದಿಕೆ ಬೀಸಣಿಗೆಯಂತೆ ಅಗಲವಾಗುತ್ತದೆ. ಕೊನೆಯಲ್ಲಿ 50 ಕುಣಿಕೆ ಕಳೆದರೆ ಲೆಕ್ಕ ಸರಿಹೋದೀತು, ಆಕಾರ ಸರಿಹೋಗದು. ಎಷ್ಟೋ ಬಾರಿ ಇದರ ಕಾರಣ ಅಂಚಿನಲ್ಲಿರುತ್ತದೆ. ಸಾಲು ತಿರುಗಿಸುವಾಗ ನೂಲು ಕಡ್ಡಿಯ ಮೇಲಿನಿಂದ ಹಾದುಹೋದರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ. ಇದು ತಿಳಿಯದೆ ಎಷ್ಟು ಬಾರಿ ಬಿಚ್ಚಿ ಹೆಣೆದರೂ ಅದೇ ತಪ್ಪು ಮರಳಿ ಬರುತ್ತದೆ.

ಮೂರನೆಯದು ಅಳತೆಯ ತಪ್ಪು. 10 ಸೆಂಟಿಮೀಟರಿಗೆ 20 ಕುಣಿಕೆಯ ಲೆಕ್ಕದಲ್ಲಿ ಒಂದು ಮೀಟರ್ ಅಗಲಕ್ಕೆಂದು 200 ಹಾಕಿದಿರಿ. ನಿಮ್ಮ ಕೈ ಸಡಿಲವಾಗಿದ್ದು 18 ಮಾತ್ರ ಬಂದರೆ ಅಗಲ ಸುಮಾರು 111 ಸೆಂಟಿಮೀಟರ್ ಆಗುತ್ತದೆ. ಪ್ರತಿ ಕುಣಿಕೆಯೂ ಸರಿ, ಹೊದಿಕೆ ಮಾತ್ರ ತಪ್ಪು! ಆದ್ದರಿಂದಲೇ ಬಲ್ಲವರು ಮೊದಲು ಸಣ್ಣ ಮಾದರಿಯೊಂದನ್ನು ಹೆಣೆದು ಅಳೆಯುತ್ತಾರೆ.

ಈಗ ನಿಮ್ಮ ಗಣಿತದ ಪುಸ್ತಕವನ್ನು ತೆರೆಯಿರಿ. ಉತ್ತರ ತಪ್ಪಾದದ್ದು ಕೂಡುವಾಗ ಅಂಕಿ ಜಾರಿದ್ದರಿಂದಲೇ? ಸೂತ್ರವನ್ನು ಬೇರೆಯಾಗಿ ತಿಳಿದದ್ದರಿಂದಲೇ? ಅಥವಾ ಪ್ರಶ್ನೆಯನ್ನೇ ಸರಿಯಾಗಿ ಓದದೆ ಹೊರಟದ್ದರಿಂದಲೇ? ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ಪರಿಶೀಲಿಸದೆ ‘ನನಗೆ ಗಣಿತ ಬರುವುದಿಲ್ಲ’ ಎಂದು ತೀರ್ಮಾನಿಸುವುದು, ಒಂದು ಕುಣಿಕೆ ಜಾರಿತೆಂದು ಇಡೀ ಹೊದಿಕೆಯನ್ನೇ ಎಸೆದಂತೆ.

ಹೆಣೆಯುವವರು ಇನ್ನೊಂದು ಉಪಾಯ ಬಲ್ಲರು. ಎಣಿಸಿ, ಸರಿಯಿದೆಯೆಂದು ಖಚಿತವಾದ ಸಾಲಿನ ಕುಣಿಕೆಗಳೊಳಗೆ ಬೇರೆ ಬಣ್ಣದ ದಾರವೊಂದನ್ನು ಪೋಣಿಸಿಡುತ್ತಾರೆ. ಮುಂದೆ ಬಿಚ್ಚಬೇಕಾಗಿ ಬಂದರೂ ಆ ದಾರದವರೆಗೆ ಮಾತ್ರ. ನೀವೂ ತಾಳೆ ನೋಡಿದ ಹೆಜ್ಜೆಗೊಂದು ಗುರುತು ಹಾಕಬಹುದಲ್ಲವೇ?

ಬಿಚ್ಚಿದ ಉಣ್ಣೆ ಸುಕ್ಕುಸುಕ್ಕಾಗಿರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ತೂಗುಹಾಕಿ ಒಣಗಿಸಿದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಉಣ್ಣೆಯ ಕೆರಟಿನ್ ಎಂಬ ಪ್ರೋಟೀನಿನಲ್ಲಿರುವ ಹೈಡ್ರೋಜನ್ ಬಂಧಗಳು ನೀರಿನಲ್ಲಿ ಸಡಿಲಗೊಂಡು, ಒಣಗುವಾಗ ಹೊಸದಾಗಿ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಆ ನೂಲು ಮತ್ತೆ ಹೆಣಿಗೆಗೆ ಒದಗುತ್ತದೆ.

ಮುಂದಿನ ಬಾರಿ ಉತ್ತರ ಪತ್ರಿಕೆ ನಿಮ್ಮ ಕೈಗೆ ಬಂದಾಗ, ಅಂಕ ನೋಡಿದ ಬಳಿಕ ಅದನ್ನು ಮಡಿಸಿಡಬೇಡಿ. ಎಲ್ಲಿಯವರೆಗೆ ಸರಿಯಾಗಿತ್ತು ಎಂದು ಹುಡುಕಿ, ಆ ಸಾಲಿನಿಂದ ಮುಂದಕ್ಕೆ ಮತ್ತೆ ಬಿಡಿಸಿ.