ಬಸಿರಿನ ಕಾಯಿಲೆ, ಬಾಣಂತನದ ರಜೆ

ಬಸುರಿ, ಬಾಣಂತಿ ಎಂಬ ಎರಡು ಮಾತುಗಳನ್ನು ಕನ್ನಡ ಎಂದೂ ಒಂದರೊಳಗೊಂದು ಕಲಸಿಲ್ಲ. ಬಸುರಿಗೆ ಬಯಕೆಯುಂಟು, ಬಾಣಂತಿಗೆ ಪಥ್ಯವುಂಟು. ಒಬ್ಬಳಿಗೆ ಮಡಿಲು ತುಂಬುತ್ತೇವೆ. ಇನ್ನೊಬ್ಬಳಿಗೆ ಎಣ್ಣೆನೀರು ಎರೆಯುತ್ತೇವೆ. ಹೆರಿಗೆ ಈ ಎರಡು ಅವಸ್ಥೆಗಳ ನಡುವಣ ಹೊಸ್ತಿಲು. ನಮ್ಮ ಅಜ್ಜಿಯರು ಬಲ್ಲ ಈ ವ್ಯತ್ಯಾಸ ಎಷ್ಟೋ ಕಚೇರಿಗಳ ರಜೆಯ ಪುಸ್ತಕಕ್ಕೆ ಮಾತ್ರ ತಿಳಿಯದು. ದುಡಿಯುವ ಹೆಣ್ಣು ಬಸಿರಿನಲ್ಲಿ ಕಾಯಿಲೆ ಬಿದ್ದರೆ, ಆ ದಿನಗಳನ್ನು ಅವಳ ಬಾಣಂತನದಿಂದ ಕಳೆಯಬಹುದೆ? ಇಂದಿನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಬಸಿರು ರೋಗವಲ್ಲ, ದೇಹದ ಸಹಜ ಧರ್ಮ ಎಂದು ಹಿರಿಯರು ಹೇಳುವುದು ನಿಜವೇ. ಆದರೆ ಸಹಜವಾದ ದಾರಿಯಲ್ಲಿಯೂ ಮುಳ್ಳುಗಳಿರುತ್ತವೆ. ಕೆಲವರಿಗೆ ಬಯಕೆಯ ತಿಂಗಳುಗಳಲ್ಲಿ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದು. ಕೆಲವರಿಗೆ ರಕ್ತದೊತ್ತಡ ಏರುತ್ತದೆ. ಕೆಲವರನ್ನು ರಕ್ತಹೀನತೆ ಬಳಲಿಸುತ್ತದೆ. ರಕ್ತಸ್ರಾವ ಕಂಡಾಗ ವೈದ್ಯರು ಹಾಸಿಗೆ ಬಿಟ್ಟು ಏಳಬೇಡಿರೆನ್ನುತ್ತಾರೆ. ಇಂಥ ಗೈರುಹಾಜರಿಯನ್ನು ಸೋಮಾರಿತನವೆಂದು ಎಣಿಸುವುದು ಅನ್ಯಾಯ. ಹೆರಿಗೆಯ ರಜೆಯ ಮುಂಗಡವೆಂದು ಎಣಿಸುವುದೂ ಅಷ್ಟೇ ಅನ್ಯಾಯ.

ನಮ್ಮ ಸಂವಿಧಾನದ 42ನೆಯ ವಿಧಿಯು ನ್ಯಾಯಯುತವೂ ಮಾನವೀಯವೂ ಆದ ದುಡಿಮೆಯ ಸ್ಥಿತಿಗತಿಗಳನ್ನು, ಹೆರಿಗೆಯ ನೆರವನ್ನು ಒದಗಿಸುವಂತೆ ರಾಜ್ಯಕ್ಕೆ ನಿರ್ದೇಶನ ನೀಡಿದೆ. 1961ರಲ್ಲಿ ಬಂದ ಹೆರಿಗೆ ಸೌಲಭ್ಯ ಕಾಯ್ದೆ ಆ ಆಶಯಕ್ಕೆ ರೂಪ ಕೊಟ್ಟಿತು. ಮೊದಲು 12 ವಾರಗಳಿದ್ದ ರಜೆ 2017ರ ತಿದ್ದುಪಡಿಯಿಂದ 26 ವಾರಗಳಾಯಿತು. ಎರಡು ಮಕ್ಕಳಿರುವ ತಾಯಿಗೆ ಮಾತ್ರ 12 ವಾರಗಳೇ ಉಳಿದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಹಳೆಯ ಕಾಯ್ದೆಯ ಸ್ಥಾನವನ್ನು ಪಡೆದಿದೆ; ಆದರೆ ಈ ಹಕ್ಕುಗಳ ತಿರುಳು ಬದಲಾಗಿಲ್ಲ. 26 ವಾರಗಳಲ್ಲಿ ಹೆರಿಗೆಗೆ ಮೊದಲು ಬಳಸಬಹುದಾದದ್ದು ಹೆಚ್ಚೆಂದರೆ 8 ವಾರ. ಮಿಕ್ಕದ್ದೆಲ್ಲ ಕೂಸಿನೊಂದಿಗೆ ಕಳೆಯಬೇಕಾದ ಕಾಲ.

ಇದರ ಜೊತೆಗೆ, ಹೆಚ್ಚು ಮಂದಿ ಅರಿಯದ ಇನ್ನೊಂದು ಏರ್ಪಾಡಿದೆ. ಬಸಿರು, ಹೆರಿಗೆ, ಅವಧಿಗೆ ಮುನ್ನಿನ ಪ್ರಸವ, ಗರ್ಭಪಾತ ಇವುಗಳಿಂದ ಉಂಟಾದ ಕಾಯಿಲೆಗೆ, ತಕ್ಕ ಪುರಾವೆ ಒಪ್ಪಿಸಿದರೆ, ಒಂದು ತಿಂಗಳವರೆಗೆ ವೇತನಸಹಿತ ರಜೆ ದೊರೆಯುತ್ತದೆ. ಹೆರಿಗೆಯ ರಜೆಗೆ ಇದು ಹೆಚ್ಚುವರಿ ಎಂಬುದು ಶಾಸನದ ಮಾತು. 1961ರ ಕಾಯ್ದೆಯ 10ನೆಯ ಕಲಮಿನಲ್ಲಿ ಇದ್ದದ್ದು ಸಂಹಿತೆಗೂ ಹರಿದು ಬಂದಿದೆ. ಇ.ಎಸ್.ಐ. ವಿಮೆಗೆ ಒಳಪಟ್ಟ ಮಹಿಳೆಗೆ ಹಣ ಬರುವುದು ವಿಮಾ ನಿಗಮದಿಂದ. ಅಲ್ಲಿಯೂ ಈ ಒಂದು ತಿಂಗಳಿಗೆ ಅವಕಾಶವಿದೆ. ಬಸುರಿಯೇ ಬೇರೆ, ಬಾಣಂತಿಯೇ ಬೇರೆ ಎಂಬ ನಮ್ಮ ನುಡಿಯ ತಿಳಿವು ಹೀಗೆ ಶಾಸನದಲ್ಲಿಯೂ ಇದೆ.

ಹಳೆಯ ಕಾಯ್ದೆ ಇನ್ನೂ ಜಾರಿಯಲ್ಲಿದ್ದಾಗಿನ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದಳು. ಹೆರಿಗೆಗೆ ಎರಡು ವಾರಗಳಿರುವ ತನಕ ದುಡಿದು, ಅನಂತರದ 24 ವಾರಗಳನ್ನು ಮಗುವಿಗಾಗಿ ಇಟ್ಟುಕೊಳ್ಳುವುದು ಅವಳ ಎಣಿಕೆ. ಆರು ವಾರಗಳಿರುವಾಗಲೇ ರಕ್ತದೊತ್ತಡ ಏರಿ ಮಲಗಬೇಕಾಯಿತು. “ಹೇಗೂ ಹೆರಿಗೆ ರಜೆ ಹತ್ತಿರ ಬಂತಲ್ಲ ಮೇಡಂ, ಇವತ್ತಿನಿಂದಲೇ ಅದನ್ನು ಹಾಕಿಬಿಡೋಣ” ಎಂದರು ಕಚೇರಿಯ ಗುಮಾಸ್ತರು. ಮಾತಿನಲ್ಲಿ ಕೆಡುಕಿರಲಿಲ್ಲ, ಲೆಕ್ಕದಲ್ಲಿತ್ತು. ಒಪ್ಪಿದ್ದರೆ ಕೂಸಿಗೆ ಉಳಿಯುತ್ತಿದ್ದದ್ದು 20 ವಾರ. ಅವಳು ವೈದ್ಯರ ಪತ್ರವನ್ನಿಟ್ಟು 10ನೆಯ ಕಲಮಿನ ರಜೆಯನ್ನು ಕೇಳಿದಳು. ಪುಸ್ತಕ ತೆರೆದು ನೋಡಿದ ಮೇಲೆ ಅವರು ಒಪ್ಪಲೇಬೇಕಾಯಿತು. ನಾಲ್ಕು ವಾರ ಒಂದು ಅಂಕಿಯಷ್ಟೇ ಎನ್ನುವವರು, ನಾಲ್ಕು ತಿಂಗಳ ಕೂಸಿಗೂ ಐದು ತಿಂಗಳ ಕೂಸಿಗೂ ಇರುವ ಅಂತರವನ್ನು ತಾಯಂದಿರಿಂದ ಕೇಳಿ ತಿಳಿಯಬೇಕು.

ಈ ತೊಡಕು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಬ್ರಿಟನ್ನಿನಲ್ಲಿ, ಹೆರಿಗೆಯ ನಿರೀಕ್ಷಿತ ವಾರಕ್ಕೆ ಮುಂಚಿನ ನಾಲ್ಕು ವಾರಗಳಲ್ಲಿ ಬಸಿರಿನ ಕಾಯಿಲೆಯಿಂದ ಕೆಲಸಕ್ಕೆ ಬಾರದಿದ್ದರೆ ಹೆರಿಗೆಯ ರಜೆ ತಾನಾಗಿಯೇ ಆರಂಭವಾಗಿಬಿಡುತ್ತದೆ. ಅಲ್ಲಿಯದೇ ಇನ್ನೊಂದು ಪ್ರಸಂಗ ಕೆಲಸವನ್ನೇ ಕಳೆದುಕೊಂಡವಳದು. ಸ್ಕಾಟ್ಲೆಂಡಿನ ವಾಹನ ಚಾಲಕಿಯೊಬ್ಬಳು 1990ರಲ್ಲಿ ಗರ್ಭಿಣಿಯಾಗಿ, ಅದರ ತೊಂದರೆಗಳಿಂದ ತಿಂಗಳುಗಟ್ಟಲೆ ಮಲಗಿದಳು. ಸತತವಾಗಿ 26 ವಾರಗಳಿಗೂ ಮೀರಿ ಕಾಯಿಲೆಯಿದ್ದವರನ್ನು ತೆಗೆದುಹಾಕುವುದು ಅವಳ ಸಂಸ್ಥೆಯ ನಿಯಮ. 1991ರ ಫೆಬ್ರುವರಿಯಲ್ಲಿ, ಹೆರಿಗೆಗೆ ಕೆಲವೇ ವಾರಗಳಿರುವಾಗ, ಅವಳ ಕೆಲಸ ಹೋಯಿತು. ಗಂಡಸಿಗೂ ಹೆಂಗಸಿಗೂ ಒಂದೇ ನಿಯಮ, ಪಕ್ಷಪಾತವೆಲ್ಲಿ ಬಂತು ಎಂಬುದು ಸಂಸ್ಥೆಯ ವಾದ. ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ಬಸಿರಿನ ಕಾಯಿಲೆ ಹೆಣ್ಣಿಗೆ ಮಾತ್ರ ಬರುವಂಥದು. ಆದುದರಿಂದ ಬಸಿರಿನ ಅವಧಿಯಲ್ಲಿ ಆ ಗೈರುಹಾಜರಿಗಾಗಿ ಅವಳನ್ನು ತೆಗೆಯುವುದು ಲಿಂಗತಾರತಮ್ಯವೇ ಸರಿ ಎಂದು 1998ರಲ್ಲಿ ತೀರ್ಪಾಯಿತು. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದೇ ಸಮಾನತೆಯೆಂದು ನಂಬಿದವರು ಈ ತೀರ್ಪನ್ನು ಮನನ ಮಾಡಬೇಕು.

ನಮ್ಮಲ್ಲಿಯೂ ಶಾಸನಬದ್ಧ ರಜೆಯಲ್ಲಿರುವ ಹೆಣ್ಣನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯುವುದು ನಿಷಿದ್ಧ. ಆದರೂ ಬೇಲಿಯಲ್ಲಿ ಎರಡು ಕಂಡಿಗಳಿವೆ. ಒಂದು, ಬಸಿರಿನ ಕಾಯಿಲೆಗೆ ಇರುವುದು ಒಂದೇ ತಿಂಗಳು. ಮೂರು ತಿಂಗಳು ಮಲಗಿದವಳು ಉಳಿದ ದಿನಗಳಿಗೆ ತನ್ನ ಇತರ ರಜೆಗಳನ್ನು ನೆಚ್ಚಬೇಕು, ಇಲ್ಲವೆ ಸಂಬಳ ಬಿಡಬೇಕು. ಇನ್ನೊಂದು, ಹೆರಿಗೆಯ ಸೌಲಭ್ಯಕ್ಕೆ ಅರ್ಹಳಾಗಲು ನಿರೀಕ್ಷಿತ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. ವೇತನಸಹಿತ ಬಿಡುವಿನ ದಿನಗಳು ಈ ಎಣಿಕೆಗೆ ಸೇರುತ್ತವೆ. ಕಾಯಿಲೆಯಿಂದ ಮಲಗಿದ ದಿನಗಳ ಹೆಸರು ಅಲ್ಲಿ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವಳು ಬೇಗನೆ ಕಾಯಿಲೆ ಬಿದ್ದರೆ, ರಕ್ಷಣೆ ಹೆಚ್ಚು ಬೇಕಾದ ಅವಳಿಗೇ ಅದು ಕೈತಪ್ಪಬಹುದು.

ಶಾಸನದ ಅಕ್ಷರವನ್ನು ಕರುಣೆಯ ಕಣ್ಣಿನಿಂದ ಓದುವ ಪರಂಪರೆ ನಮ್ಮ ನ್ಯಾಯಾಲಯಗಳಿಗಿದೆ. ತೋಟದ ಕೂಲಿಕಾರಳೊಬ್ಬಳ ಹೆರಿಗೆಯ ಹಣದಿಂದ ಭಾನುವಾರಗಳನ್ನು ಕಳೆದಾಗ, ವಾರವೆಂದರೆ ಏಳು ದಿನವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಮಾನಿಸಿತು. ಆದರೆ ಎಲ್ಲ ತಾಯಂದಿರೂ ನ್ಯಾಯಾಲಯದ ಮೆಟ್ಟಿಲು ಹತ್ತಲಾರರು. ವೈದ್ಯರು ಬರಿಯ “ವಿಶ್ರಾಂತಿ ಅಗತ್ಯ” ಎಂದಷ್ಟೇ ಬರೆಯದೆ, ಕಾಯಿಲೆ ಬಸಿರಿನಿಂದಲೇ ಬಂದದ್ದೆಂದು ಸ್ಪಷ್ಟವಾಗಿ ಬರೆದುಕೊಡಬೇಕು. ಅರ್ಜಿಯಲ್ಲಿ ಯಾವ ರಜೆಯೆಂಬುದನ್ನು ಹೆಸರಿಸಿ, ಅದರ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಮನೆಯ ಗಂಡಸರೂ ಇದನ್ನು ಓದಿ ತಿಳಿದಿರಬೇಕು. ವಾಂತಿಯಿಂದ ಬಳಲುತ್ತಿರುವವಳೇ ಕಾಯ್ದೆಯ ಪುಟಗಳನ್ನು ತಿರುವಲೆಂದು ಬಿಡುವುದು ನ್ಯಾಯವಲ್ಲ. ಸೀಮಂತದ ದಿನ ಹಸಿರು ಬಳೆ ತೊಡಿಸುವಷ್ಟೇ ಅಕ್ಕರೆಯಿಂದ ಈ ಕಾಗದಪತ್ರಗಳನ್ನೂ ಹೊಂದಿಸಿಕೊಟ್ಟರೆ, ಹುಟ್ಟುವ ಕೂಸಿಗೆ ಸಲ್ಲಬೇಕಾದ ದಿನಗಳು ಕೂಸಿಗೇ ಸಲ್ಲುತ್ತವೆ.